ಅಕ್ಕ ಕಣ್ಣು ಮುಚ್ಚಿ ಕಂಡ ದಾರಿ

ನಾನು ಚಿಕ್ಕವನಿದ್ದಾಗ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಅದೇ ಬಾಯಿ ಒಂದು ದಿನ ಅಕ್ಕನಿಗೆ ಕಣ್ಣಾಗಬೇಕಾಯಿತು.

ಕಳೆ ಕೀಳುವಾಗ ಭತ್ತದ ಗರಿ ಅಕ್ಕನ ಕಣ್ಣಿಗೆ ಬಡಿದಿತ್ತು. ಸಿದ್ದಾಪುರದ ಹತ್ತಿರದ ನಮ್ಮೂರಿನಿಂದ ಅಪ್ಪ ಗಾಡಿ ಹೂಡಿ ನಮ್ಮಿಬ್ಬರನ್ನೂ ಗಂಗಾವತಿಗೆ ಕರೆದೊಯ್ದ. ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, "ಎಂಟು ದಿನ ಬಿಚ್ಚಬ್ಯಾಡ್ರಿ. ದೃಷ್ಟಿ ಬರತೈತೋ ಇಲ್ಲೋ ಆಮ್ಯಾಲ ನೋಡೂಣು" ಅಂದರು. ವಾಪಸ್ ಊರಿಗೆ ಹೊರಟೆವು. ಗಾಡಿಯಲ್ಲಿ ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಕೂತಳು.

"ಏನೇನ್ ಕಾಣ್ತೈತಿ, ಅಕ್ಕಗ ಹೇಳ್ಕೋಂತ ಬಾರೋ" ಅಂದ ಅಪ್ಪ.

ಬಟ್ಟೆ ಅಂಗಡಿ, ಮಿಠಾಯಿ ಅಂಗಡಿ, ಮಿಠಾಯಿ ಮೇಲೆ ಕೂತ ನೊಣ, ಒಂದನ್ನೂ ಬಿಡದೆ ಹೇಳಿದೆ. ಅಕ್ಕ ಹ್ಞೂಂ ಎನ್ನಲಿಲ್ಲ. ಬಜಾರು ಮುಗಿಯಿತು, ಓಣಿಯ ಮನೆಗಳೂ ಕಡಿಮೆಯಾದವು. ಆಗ ಬಿಸಿ ತೌಡಿನ ವಾಸನೆ ಬಂತು.

"ಅಕ್ಕಿ ಮಿಲ್ ಬಂತೇನೋ?" ಎಂದಳು ಅಕ್ಕ. ನಾನಿನ್ನೂ ಬಾಯಿ ತೆರೆದಿರಲಿಲ್ಲ!

ಆಮೇಲೆ ಎಲ್ಲ ಅವಳೇ ಹೇಳಿದಳು. ಕೆನ್ನೆಗೆ ಕಾವು ತಗುಲಿದಾಗ ಇಟ್ಟಿಗೆ ಭಟ್ಟಿ. ಕೊತ್ತಂಬರಿ ಘಮ್ಮೆಂದಾಗ ಕಾಯಿಪಲ್ಲೆ ತೋಟ. ಕೊನೆಗೆ ಕಾಲುವೆ ದಾಟಿದೆವು. ತಣ್ಣನೆಯ ಗಾಳಿ ಬೀಸಿತು, ಕಪ್ಪೆಗಳು ವಟಗುಟ್ಟಿದವು.

"ಗದ್ದಿ ಬಂತು. ಕಣ್ಣು ಬರದಿದ್ರೂ ನಾ ಮನಿ ದಾರಿ ತಪ್ಪಂಗಿಲ್ಲ ನೋಡು" ಎಂದು ಅಕ್ಕ ನಕ್ಕಳು. ಅವಳು ನಕ್ಕಿದ್ದಕ್ಕೆ ನಾನು ಅತ್ತುಬಿಟ್ಟೆ. ಎಂಟು ದಿನ ಕಳೆದು ಪಟ್ಟಿ ಬಿಚ್ಚಿದಾಗ ಅಕ್ಕ ಮೊದಲು ನೋಡಿದ್ದು ನನ್ನ ಮುಖವನ್ನು. "ಮೂಗ್ ಒರಸ್ಕೋ" ಅಂದಳು.

ಮೊನ್ನೆ ನನ್ನ ಕಣ್ಣಿನ ಆಪರೇಷನ್ ಆಯಿತು, ಮಕ್ಕಳೇ. ಗಂಗಾವತಿಯಿಂದ ಅದೇ ದಾರಿಯಲ್ಲಿ ಮಗ ಕಾರು ಓಡಿಸುತ್ತಿದ್ದ, ನನ್ನ ಪಕ್ಕದಲ್ಲಿ ಮೊಮ್ಮಗಳು ಕೂತಿದ್ದಳು. ಪಟ್ಟಿ ಒಂದೇ ಕಣ್ಣಿಗಿತ್ತು, ಇನ್ನೊಂದನ್ನು ನಾನೇ ಮುಚ್ಚಿಕೊಂಡೆ. ಗಾಜು ಏರಿಸಿದ್ದ ಕಾರಿನೊಳಗೆ ಯಾವ ವಾಸನೆಯೂ ಬರಲಿಲ್ಲ.

"ಏನ್ ಬಂತವ್ವಾ?" ಎಂದು ಮೊಮ್ಮಗಳನ್ನು ಕೇಳಿದೆ.

"ಶೋರೂಮ್ ಅಜ್ಜಾ. ಮಿಲ್ಲು. ಲೇಔಟ್ ಕಲ್ಲು. ಮನಿ. ಮತ್ತ ಮನಿ."

ಭಟ್ಟಿ, ತೋಟ ಇದ್ದಲ್ಲೆಲ್ಲ ಈಗ ಮನೆಗಳು. ಊರು ಮುಗಿಯುವುದೇ ಇಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು. ಗಾಜು ಇಳಿಸಲು ಹೇಳಿದೆ. ಎಷ್ಟೋ ಹೊತ್ತಾದ ಮೇಲೆ ಕೆನ್ನೆಗೆ ತಣ್ಣನೆಯ ಗಾಳಿ ತಾಕಿತು.

"ಗದ್ದಿ ಬಂತು!" ಎಂದೆ.

"ನೀ ಕಣ್ಣ್ ಮುಚ್ಚೀಯಲ್ಲ, ಹೆಂಗ್ ಗೊತ್ತಾತಜ್ಜಾ?"

ಮಗ ಕಾರು ಬದಿಗೆ ನಿಲ್ಲಿಸಿದ. ಅಕ್ಕ ಅಂದು ನನ್ನ ಕೈ ಹಿಡಿದಂತೆ ನಾನು ಮೊಮ್ಮಗಳ ಕೈ ಹಿಡಿದೆ. "ನೀನೂ ಮುಚ್ಚು" ಎಂದೆ.

ಅವಳು ಮೊಬೈಲು ಕೆಳಗಿಟ್ಟು ಕಣ್ಣು ಮುಚ್ಚಿದಳು.

"ಅಜ್ಜಾ, ಕಪ್ಪಿ ಒದರಾಕತ್ಯಾವು!"