ಪ್ರೆಸಿಡಿಯೋ ಗುಡ್ಡದ ಆಂಟಿ

ಆಂಟಿಯ ಬಲಗೈ ಉಗುರುಗಳ ಸಂದಿಯಲ್ಲಿ ಸದಾ ಕಂದುಮಣ್ಣಿನ ಗೆರೆ. ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು, ರೇಷ್ಮೆ ಸೀರೆ ಉಟ್ಟು ಕ್ಯಾಲಬಾಸಸ್ ಎಂಬ ಊರಿನ ದೇವಸ್ಥಾನಕ್ಕೆ ಬಂದಾಗಲೂ ಅದು ಹೋಗಿರುತ್ತಿರಲಿಲ್ಲ. ತೀರ್ಥಕ್ಕೆ ಕೈ ಚಾಚಿದಾಗ ಪಕ್ಕದವರು ಓರೆಗಣ್ಣಲ್ಲಿ ನೋಡುವರು. ಆಂಟಿಗೆ ಅದರ ಪರಿವೆಯೇ ಇಲ್ಲ.

ಉಡುಪಿ ಕಡೆಯವರು. ಸ್ಯಾನ್ ಡಿಯಾಗೋದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆ ಅವರದು. ತೊಂಬತ್ತರ ದಶಕದ ನಡುವೆ, ಗಂಡನ ಟೆಲಿಕಾಂ ಕೆಲಸದ ಹಿಂದೆ ಬೆಂಗಳೂರಿನಿಂದ ಬಂದ ನನಗೆ ಕೆಲಸ ಮಾಡಲು ವೀಸಾ ಇರಲಿಲ್ಲ. ದಿನವಿಡೀ ಕಿಟಕಿ ಬಳಿ ಕೂತಿರುತ್ತಿದ್ದೆ.

"ಎಂಥ ಮಾರಾಯ್ತಿ, ಪಾರ್ಕಿಂಗ್ ಲಾಟ್ ಕಾಯ್ತೀಯಾ? ಬಾ, ಮಣ್ಣು ಕೆರೆಯುವ," ಎಂದು ಒಂದು ಶನಿವಾರ ಕಾರು ಹತ್ತಿಸಿಕೊಂಡರು.

ಪ್ರೆಸಿಡಿಯೋ ಡ್ರೈವ್ ಹಿಡಿದು ಗುಡ್ಡ ಹತ್ತಿದೆವು. ಸ್ಪೇನಿನವರು ಅಲ್ಲಿ ಕಟ್ಟಿದ್ದ ಪ್ರೆಸಿಡಿಯೋ, ಅಂದರೆ ಕೋಟೆಯಿಂದಲೇ ರಸ್ತೆಗೆ ಆ ಹೆಸರು. ಮೇಲೊಂದು ಗೋಡೆ ಕಂಡಿತು. ಇದೇ ಕೋಟೆಗೋಡೆ ಎಂದುಕೊಂಡು ಭಕ್ತಿಯಿಂದ ಮುಟ್ಟಿದೆ. ಆಂಟಿ ನಕ್ಕರು.

"ಅದು ಚಂದಕ್ಕೆ ಅಂತ ಆಮೇಲೆ ಕಟ್ಟಿದ್ದು. ಹಳೇ ಗೋಡೆ ನಿನ್ನ ಕಾಲಡಿಗೆ ಉಂಟು."

ಕಾಲಡಿ ಬರೀ ಹುಲ್ಲು. ಹಸಿ ಇಟ್ಟಿಗೆಯ ಗೋಡೆ ಮಳೆಗೆ ಕರಗಿ ಮಣ್ಣಿನೊಳಗೆ ಮಣ್ಣಾಗಿತ್ತಂತೆ. ಅದನ್ನು ಅಗೆದು ಹುಡುಕುವ ತಂಡದಲ್ಲಿ ಆಂಟಿ ಸಂಬಳವಿಲ್ಲದೆ ದುಡಿಯುತ್ತಿದ್ದರು. ಸೀರೆಯ ಮೇಲೆ ಗಂಡನ ಹಳೇ ಶರ್ಟು, ಮಂಡಿಯಡಿ ಒಂದು ದಿಂಬು. ಮಣ್ಣಿಗೆ ನೀರು ಚಿಮುಕಿಸಿ, ಬೆರಳಾಡಿಸಿ, "ಇದು ಇಟ್ಟಿಗೆ, ಇದು ಬರೀ ಮಣ್ಣು. ಕಾಣ್ತದಲ್ವಾ?" ಎನ್ನುವರು. ನನಗೆ ಎರಡೂ ಒಂದೇ. ಆದರೂ ತಲೆಯಾಡಿಸುತ್ತಿದ್ದೆ.

ಮೂರನೇ ಶನಿವಾರ ಅವರು ಮಣ್ಣು ಕೆರೆಯುವ ಕರಣೆಯನ್ನು ನನ್ನ ಕೈಗಿತ್ತು ನೀರು ತರಲು ಹೋದರು. ನಾನು ಉತ್ಸಾಹದಿಂದ ಕೆರೆದೆ. ಬಕೆಟ್ ತುಂಬಿತು. ಆಂಟಿ ಮರಳುವಷ್ಟರಲ್ಲಿ ತಂಡದ ಮೇಲ್ವಿಚಾರಕನೂ ಬಂದ, ಗುಂಡಿ ನೋಡಿ ಬಿಳಚಿಕೊಂಡ. ನಾನು ಬಕೆಟ್ಟಿಗೆ ತುಂಬಿದ್ದು ಗೋಡೆಯನ್ನೇ.

"ಯಾರು ಮಾಡಿದ್ದು?"

ನಾನು ಕರಣೆ ಹಿಡಿದುಕೊಂಡೇ ಆಂಟಿಯ ಹಿಂದೆ ಸರಿದೆ.

"ನಾನು," ಎಂದರು ಆಂಟಿ.

ಅವತ್ತಿನಿಂದ ಅವರು ಗುಂಡಿಗೆ ಇಳಿಯುವಂತಿರಲಿಲ್ಲ. ಅಗೆದಾಗ ಸಿಕ್ಕ ಮಡಕೆಚೂರು ತೊಳೆಯುವ ಕೆಲಸ ಕೊಟ್ಟರು. ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ, "ಸುಳ್ಳು ಯಾಕೆ ಹೇಳಿದ್ರಿ ಆಂಟಿ?"

"ಸುಳ್ಳೆಂಥದ್ದು? ನಿಂಗೆ ಕಾಣ್ತಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಕರಣೆ ಕೊಟ್ಟದ್ದು ನಾನೇ ಅಲ್ವಾ?"

ಅದು ಕ್ಷಮೆಯೋ ಬೈಗುಳವೋ ತಿಳಿಯಲಿಲ್ಲ. ಮುಂದಿನ ಶನಿವಾರ ತಲೆನೋವೆಂದೆ. ಅದರ ಮುಂದಿನ ಶನಿವಾರ ಅವರು ಬಾಗಿಲು ತಟ್ಟಿದಾಗ ಉಸಿರು ಬಿಗಿಹಿಡಿದು ಒಳಗೇ ಕೂತೆ. ಆಮೇಲೆ ಅವರು ತಟ್ಟಲಿಲ್ಲ.

ಎರಡು ವರ್ಷದ ಬಳಿಕ ಕಾಯಿಲೆ ಬಿದ್ದು ವೆಸ್ಟ್ ಕೊವಿನಾದ ಮಗಳ ಮನೆ ಸೇರಿದರು. ನೋಡಲು ಹೋದೆ. "ನನ್ನ ಮೇಲೆ ಸಿಟ್ಟಾ ಆಂಟಿ?"

"ಸಿಟ್ಟಲ್ಲ. ಎರಡು ಡಬ್ಬಿ ಅವಲಕ್ಕಿ ಕಟ್ಕೊಂಡು ಗುಡ್ಡಕ್ಕೆ ಹೋಗ್ತಿದ್ದೆ, ಬಸ್ಸಲ್ಲಾದ್ರೂ ಬಂದೀಯ ಅಂತ. ಎಷ್ಟೋ ಶನಿವಾರ." ಅಷ್ಟು ಹೇಳಿ ಮಗ್ಗುಲು ಬದಲಿಸಿದರು.

ಹದಿನೈದು ದಿನಕ್ಕೆ ಹೋಗಿಬಿಟ್ಟರು. ಅದಾದ ಮೇಲೊಂದು ಶನಿವಾರ ಒಬ್ಬಳೇ ಗುಡ್ಡ ಹತ್ತಿ ಆ ಮೇಲ್ವಿಚಾರಕನ ಮುಂದೆ ನಿಂತೆ. "ಅವತ್ತು ಗೋಡೆ ಕೆರೆದದ್ದು ನಾನು," ಎಂದೆ.

"ಗೊತ್ತಿತ್ತು," ಎಂದ ಆತ ಮೆಲ್ಲಗೆ. "ಕರಣೆ ನಿಮ್ಮ ಕೈಯಲ್ಲೇ ಇತ್ತಲ್ಲ. ಕೊಟ್ಟವರು ತಾವೆಂದು ಅವರೇ ಹೊಣೆ ಹೊತ್ತರು."

ಹಾಗಾದರೆ ಇಷ್ಟು ದಿನ ನಾನು ಯಾರಿಂದ ಅಡಗಿ ಕೂತಿದ್ದೆ?