ಊರಿಗಾಂ ಬಂಗಲೆಯಲ್ಲಿ ಅತ್ತೆಯ ಪಾದಗಳು

ನೋಡಿದ್ದು ಇವತ್ತು ಬೆಳಿಗ್ಗೆಯೇ ಆದರೂ, ಪಿಟೀಲು ಚಿನ್ನದ ಗಣಿಯ ಐರಿಷ್ ದೊರೆಯ ಕೈಯಲ್ಲಿತ್ತೋ ದೊರೆಸಾನಿಯ ಕೈಯಲ್ಲಿತ್ತೋ, ಈಗಾಗಲೇ ಖಾತ್ರಿಯಿಲ್ಲ. ಪಾದಗಳು ಮಾತ್ರ ಖಾತ್ರಿ. ಊರಿಗಾಂನ ಅವರ ಬಂಗಲೆಯಲ್ಲಿ ಆಯಾ ಆಗಿರುವ ನನ್ನ ವಿಧವೆ ಸೋದರತ್ತೆ, ಅವರ ಮಗಳ ಪಕ್ಕದಲ್ಲಿ ನಿಂತು ಅವರ ದೇಶದ ಕುಣಿತ ಕುಣಿಯುತ್ತಿದ್ದಳು. ಅತ್ತೆಯ ಮೈ ಕಂಬದಂತೆ ನೆಟ್ಟಗಿತ್ತು, ಕೈಗಳು ಪಕ್ಕಕ್ಕೆ ಅಂಟಿಕೊಂಡಿದ್ದವು. ಬರಿಗಾಲುಗಳು ಹಲಗೆಯ ನೆಲವನ್ನು ಚಟಪಟ ಬಡಿಯುತ್ತಿದ್ದವು. ನಮ್ಮೂರು ಬೂದಿಕೋಟೆಯಲ್ಲಿ ಇವಳು ಮದುವೆಯ ಹಸೆಹಾಡಿಗೂ ಮುಂದೆ ಬಾರದೆ ಹಿತ್ತಲಲ್ಲಿ ಕೂರುವವಳು.

ನನ್ನನ್ನು ಕಂಡದ್ದೇ ನಿಂತುಬಿಟ್ಟಳು. "ಊರಾಗೆ ಯೋಳ್ಬ್ಯಾಡ ಕಣೇ. ಕೈ ಎತ್ತಲೇ ಇಲ್ವಲ್ಲ, ಇದೂ ಒಂದು ಕುಣಿತವಾ?"

ಈಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ, ನನ್ನನ್ನು ರೈಲು ಹತ್ತಿಸಲು ಬಂದು ಪಕ್ಕದಲ್ಲೇ ಕೂತಿದ್ದಾಳೆ. ನಾನು ಕೇಳುತ್ತೇನೆ: "ಹೇಳಲ್ಲ ಅತ್ತೆ. ಆದರೆ ನನ್ನನ್ನು ಕಂಡು ಯಾಕೆ ನಿಲ್ಲಿಸಿದೆ?"