ವಖಾರಿಯ ಬಾಗಿಲ ಜಾಗ

ಸಿದ್ದವ್ವ ಕುಲ್ಸುಮ್‌ಳನ್ನು ಮೊದಲು ಕಂಡದ್ದು ೧೯೩೪ನೆಯ ಇಸವಿ, ಶಿವರಾತ್ರಿ ಕಳೆದ ಮೂರನೆಯ ದಿನ. ಕಾಣುವುದಕ್ಕೂ ಮೊದಲು ಅವಳ ನೆರಳು ಬಂದು ಅಡಿಕೆ ಹರವಿದ ಬಿದಿರಿನ ಗೆರಸಿಯ ಮೇಲೆ ಬಿತ್ತು. ಶಿರಸಿಯ ಒಂದು ಅಡಿಕೆ ವಖಾರಿಯ ಉಗ್ರಾಣದಲ್ಲಿ ಸಿದ್ದವ್ವ ಒಣಗಿಸಿ ಸುಲಿದ ಚಾಲಿ ಅಡಿಕೆ ಆರಿಸುತ್ತಿದ್ದಳು. ಒಳ್ಳೆಯದು ಎಡಗಡೆಯ ಬುಟ್ಟಿಗೆ, ಬಣ್ಣಗೆಟ್ಟ ಬಿಳಿಗೋಟು ಬಲಗಡೆಗೆ, ಕಪ್ಪಿಟ್ಟ ಕೋಕಾ ಹಿಂದಿನ ಬುಟ್ಟಿಗೆ. ಕೈ ನಡೆಯುತ್ತಿದ್ದ ಹಾಗೆಯೇ ಗೆರಸಿ ಕತ್ತಲಾಯಿತು.

“ಯಾಕವಾ, ಬೆಳಕಿಗೆ ಅಡ್ಡ ನಿಂತೀಯಲ್ಲ? ಮನಷ್ಯಾಳೋ ಕದಾನೋ ನೀನು?”

“ತಪ್ಪಾಯ್ತು ಅಕ್ಕಾ. ಇಲ್ಲಿ ಕೆಲಸ ಉಂಟು ಅಂದ್ರು, ಕೇಳುವಾ ಅಂತ ಬಂದೆ,” ಎಂದು ನೆರಳು ಪಕ್ಕಕ್ಕೆ ಸರಿಯಿತು. ಸುಮಾರು ಇಪ್ಪತ್ತಾರರ ಹೆಂಗಸು. ಎತ್ತರದ ಆಳು, ತಲೆಯ ಮೇಲೆ ಹಸಿರು ದಾವಣಿ, ಎರಡೂ ಕೈಯಲ್ಲಿ ಗಾಜಿನ ಬಳೆ. ಯಲ್ಲಾಪುರದಲ್ಲಿ ಹುಟ್ಟಿದವಳು. ತಂದೆ ಕಾಡಿನಿಂದ ಮರ ಸಾಗಿಸುವ ಗಾಡಿಯವನು. ಗಂಡ ಮುನಾಫ್ ಕೂಡ ಗಾಡಿ ಹೊಡೆಯುವವನೇ. ಲಾರಿಗಳು ಬಂದ ಮೇಲೆ ಅವನ ಗಾಡಿಗೆ ಬಾಡಿಗೆ ಸಿಗುವುದು ಕಡಿಮೆಯಾಗಿ ಇಬ್ಬರೂ ಶಿರಸಿಗೆ ಬಂದಿದ್ದರು.

ಆ ವಖಾರಿಗೆ ಇದ್ದದ್ದು ಒಂದೇ ಬಾಗಿಲು, ಕಿಟಕಿ ಒಂದೂ ಇಲ್ಲ. ಎಂಟೆಂಟು ಮಂದಿಯ ಎರಡು ಸಾಲಿನಲ್ಲಿ ಹದಿನಾರು ಹೆಂಗಸರು ಗೋಣಿತಾಟಿನ ಮೇಲೆ ಕೂರುತ್ತಿದ್ದರು. ಬಾಗಿಲಿಗೆ ತಾಗಿದ ಸಾಲಿನಲ್ಲಿ ಮೊದಲ ಜಾಗಕ್ಕೆ ನಾಲ್ಕು ಗಂಟೆಯ ತನಕ ಬೆಳಕು. ಎರಡನೆಯದಕ್ಕೆ ಎರಡು ಗಂಟೆಯ ತನಕ. ಐದನೆಯದರಿಂದ ಆಚೆಗೆ ಹಗಲು ಹೊತ್ತಿನಲ್ಲೂ ಚಿಮಣಿ ದೀಪವೇ ಗತಿ. ಚಿಮಣಿ ಬೆಳಕಿನಲ್ಲಿ ಚಾಲಿಯೂ ಬಿಳಿಗೋಟೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ತಪ್ಪಾದರೆ ಗುಮಾಸ್ತ ಬುಟ್ಟಿಯನ್ನು ನೆಲಕ್ಕೆ ಸುರುವಿ, ಮತ್ತೆ ಮೊದಲಿನಿಂದ ಆರಿಸು ಅನ್ನುತ್ತಿದ್ದ. ಉಳಿದ ಹದಿನೈದು ಜನರ ಎದುರು ಸುರುವಿದ ಬುಟ್ಟಿಯ ಮುಂದೆ ಕೂರುವುದು ಬಾಸುಂಡೆ ಬಂದ ಹಾಗೆ.

ವರ್ಷದಲ್ಲಿ ಅತಿ ಕಡಿಮೆ ಸಲ ಬುಟ್ಟಿ ಸುರುವಿಸಿಕೊಂಡವಳಿಗೆ ಬಾಗಿಲ ಜಾಗ. ಇದು ಅಲ್ಲಿಯ ರೂಢಿ. ಸಿದ್ದವ್ವ ಒಂಬತ್ತು ವರ್ಷ ಅಲ್ಲಿ ಕೂತಿದ್ದಳು. ಬನವಾಸಿ ಕಡೆಯವಳು. ಗಂಡ ತೀರಿದ ಮೇಲೆ ಶಿರಸಿಯಲ್ಲಿ ತಮ್ಮನ ಮನೆ ಸೇರಿದ್ದಳು. ಆ ಮನೆಯಲ್ಲಿ ಒಲೆ ನಾದಿನಿಯದು, ಬಾವಿಯ ಹಗ್ಗ ನಾದಿನಿಯದು, ಮಲಗುವ ಮೂಲೆಯನ್ನೂ ಭತ್ತದ ಮೂಟೆ ಬಂದಾಗ ಬಿಡಬೇಕು. ತನ್ನದು ಅನ್ನುವುದಕ್ಕೆ ಅವಳಿಗೆ ಇದ್ದದ್ದು ಒಂದು ಗೋಣಿತಾಟಿನಷ್ಟು ಅಗಲದ ಆ ಬೆಳಕು.

ಎರಡನೆಯ ವರ್ಷ ಸುಗ್ಗಿ ಶುರುವಾದ ದಿನ ಗುಮಾಸ್ತ ನಾಗಪತಿ, “ಈ ಸಲ ಬಾಗಿಲಿಗೆ ಕುಲ್ಸುಂಬಿ,” ಎಂದ.

ಹಿಂದಿನ ವರ್ಷ ಸಿದ್ದವ್ವನ ಬುಟ್ಟಿ ಮೂರು ಸಲ ಬೋರಲು ಬಿದ್ದಿತ್ತು. ಕುಲ್ಸುಮ್‌ಳದು, ಒಳಗಿನ ಆರನೆಯ ಜಾಗದಲ್ಲಿ ಕೂತೂ, ಒಂದೇ ಸಲ. ಸಿದ್ದವ್ವ ಎದ್ದು ಬುಟ್ಟಿಗಳನ್ನು ಸರಿಸಿದಳು. ಗೋಣಿ ಎತ್ತಿ ಎರಡನೆಯ ಜಾಗಕ್ಕೆ ಹಾಸಿದಳು. ಮಾತಾಡಿದವಳು ಎದುರು ಸಾಲಿನ ಮಂಜಿ. ಸಿದ್ದಾಪುರ ಕಡೆಯ ಬಾಯಾಳಿ ಹುಡುಗಿ.

“ಹೌದನೇ ಸಿದ್ದವ್ವಾ, ಅತ್ತೆ ಎದ್ದು ಸೊಸೆಗೆ ಮಣೆ ಕೊಟ್ಟಂಗೆ ಆತಲೇ!”

“ಹಲ್ಲು ಕಿಸಿಬ್ಯಾಡ. ನಿನ್ನ ಬುಟ್ಟಿ ನೋಡಿಕೋ.”

“ನನ್ನ ಬುಟ್ಟಿ ದಿನಾ ಬೋರಲು ಬೀಳ್ತದೆ, ಅದಕ್ಕೆ ಅಭ್ಯಾಸ ಆಗಿದ್ದು. ನಿನಗೆ ಹೊಸತು ನೋಡು.”

ಆ ದಿನದಿಂದ ಸಿದ್ದವ್ವನ ಕಣ್ಣು ಅಡಿಕೆಗಿಂತ ಹೆಚ್ಚು ಕುಲ್ಸುಮ್‌ಳ ಕೈ ಮೇಲೆಯೇ ಇರುತ್ತಿತ್ತು. ಆ ಕೈ ಒಂದು ಸಲಕ್ಕೆ ಐದು ಅಡಿಕೆ ಎತ್ತುತ್ತದೆ, ತನ್ನದು ನಾಲ್ಕು. ಹಮಾಲಿ ಕೆರಿಯ ಮೂಟೆ ಇಳಿಸುವಾಗ ಮೊದಲು ಅವಳ ಎದುರು ಇಳಿಸುತ್ತಾನೆ. ಅವಳು ನಕ್ಕರೆ ಸಾಲೆಲ್ಲ ನಗುತ್ತದೆ. ಮಧ್ಯಾಹ್ನ ರೊಟ್ಟಿ ಬಿಚ್ಚಿದರೆ ಮೊದಲ ತುಂಡು, “ತಗೋ ಅಕ್ಕಾ,” ಎಂದು ಸಿದ್ದವ್ವನ ಕಡೆಗೇ ಚಾಚುತ್ತಾಳೆ. “ಒಲ್ಲೆ, ಹೊಟ್ಟಿ ತುಂಬೇದ,” ಅನ್ನುತ್ತಿದ್ದಳು ಸಿದ್ದವ್ವ. ಹೊಟ್ಟೆ ತುಂಬಿದ್ದು ಸುಳ್ಳಲ್ಲ, ತುಂಬಿದ್ದು ಕಿಚ್ಚು. ಎರಡು ಗಂಟೆಗೆ ಬೆಳಕು ತನ್ನ ಗೆರಸಿ ಬಿಟ್ಟು ಹೋದ ಮೇಲೆ, ಇನ್ನೆರಡು ತಾಸು ಪಕ್ಕದವಳ ಮಡಿಲಲ್ಲಿ ಅದು ಬೆಚ್ಚಗೆ ಕೂತಿರುವುದನ್ನು ನೋಡುವುದು ಅವಳಿಗೆ ಸಾಧ್ಯವಾಗುತ್ತಿರಲಿಲ್ಲ. ನೋಡದೆ ಇರುವುದೂ ಆಗುತ್ತಿರಲಿಲ್ಲ.

೧೯೩೬ರಲ್ಲಿ ಹಮಾಲರ, ಗಾಡಿಯವರ, ಅಡಿಕೆ ಆರಿಸುವವರ ಸಂಘವೊಂದು ಹುಟ್ಟಿತು. ಕಟ್ಟಿದವರು ಇಬ್ಬರು. ಒಬ್ಬರು ಕಾನಸೂರಿನ ವಿಘ್ನೇಶ್ವರ ವಕೀಲರು, ಇನ್ನೊಬ್ಬ ಮೊದಲು ಮೂಟೆ ಹೊರುತ್ತಿದ್ದ ಚಂದ್ರಶೇಖರಪ್ಪ. ಇಬ್ಬರೂ ಖಾದಿಯವರು, ಒಂದೇ ಜೈಲಿನ ಗಂಜಿ ಕುಡಿದವರು. ಬರುವ ವರ್ಷ ಶಿರಸಿ ಸೇರಿದ ಮುಂಬಯಿ ಪ್ರಾಂತದ ಅಸೆಂಬ್ಲಿಗೆ ಚುನಾವಣೆ, ಓದು ಬರಹ ಬರುವ ಹೆಂಗಸು ಅರ್ಜಿ ಕೊಟ್ಟರೆ ಅವಳಿಗೂ ಮತ ಉಂಟು ಎಂದು ಅವರು ಬಂದು ಹೇಳಿದರು. ಹದಿನಾರು ಜನರಲ್ಲಿ ಅಕ್ಷರ ಬರುತ್ತಿದ್ದದ್ದು ಒಬ್ಬಳಿಗೇ. ಕುಲ್ಸುಮ್ ಯಲ್ಲಾಪುರದ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಯ ತನಕ ಕಲಿತಿದ್ದಳು.

ಅವಳು ಊಟದ ಹೊತ್ತಿನಲ್ಲಿ ಬಾಗಿಲ ಬೆಳಕಿನಲ್ಲಿ ನೆಲದ ಮೇಲೆ ಕೋಕಾ ಅಡಿಕೆಗಳನ್ನು ಸಾಲಾಗಿ ಇಟ್ಟು ಅಕ್ಷರ ಮಾಡಿ ತೋರಿಸತೊಡಗಿದಳು.

“ಕನ್ನಡ ಅಕ್ಷರ ಎಲ್ಲಾ ಗುಂಡಗೆ, ಅಡಿಕೆ ಹಂಗೇ. ಹೆದರಬೇಡ್ರೇ.”

“ನನ್ನ ‘ಮ’ ಯಾಕೆ ಹೊಟ್ಟೆ ಹೊತ್ತ ಬಸುರಿ ಹಂಗೆ ಕಾಣ್ತದೆ?” ಎಂದಳು ಮಂಜಿ.

“ಅವಸರ ಮಾಡ್ಬೇಡ, ಹೆರಿಗೆ ಆದ್ರೆ ‘ಜ’ನೂ ಬರ್ತದೆ!”

ಎಲ್ಲರೂ ನಕ್ಕರು. ಸಿದ್ದವ್ವ ಮುಖ ತಿರುಗಿಸಿ ರೊಟ್ಟಿ ಅಗಿದಳು. ಆದರೆ ಆ ಕೈಯ ಒಂದೊಂದು ಚಲನೆಯನ್ನೂ ಎರಡು ವರ್ಷದಿಂದ ಕಾದು ನೋಡಿದ ಕಣ್ಣು ಅದು. ಕೈ ಎಲ್ಲಿ ಸುತ್ತಿತು, ಎಲ್ಲಿ ನಿಂತಿತು, ಯಾವ ಅಡಿಕೆ ಕೊನೆಗೆ ಇಟ್ಟಿತು, ಯಾವುದೂ ತಪ್ಪಲಿಲ್ಲ. ತಮ್ಮನ ಮನೆಯ ಹಿತ್ತಿಲಲ್ಲಿ ಬೂದಿ ಹರವಿ ಬೆರಳಿನಿಂದ ತಿದ್ದಿದಳು. ನಾಲ್ಕು ತಿಂಗಳ ಮೇಲೆ ಮತದ ಅರ್ಜಿ ಹಿಡಿದು ಮಾಮಲೇದಾರ ಕಚೇರಿಗೆ ಕುಲ್ಸುಮ್‌ಳ ಜೊತೆ ಹೊಸದಾಗಿ ಕಲಿತ ಏಳು ಜನ ಹೋದರು. ಆ ಏಳರಲ್ಲಿ ಒಂದು ಸಾಲು ಓದಿ, ಹೆಸರು ಬರೆದು ಪಾಸಾದವರು ನಾಲ್ಕೇ ಮಂದಿ. ಅವರಲ್ಲಿ ಎಲ್ಲರಿಗಿಂತ ಚೊಕ್ಕವಾಗಿ ಬರೆದವಳು ಸಿದ್ದವ್ವ.

“ನಾ ನಿನಗೆ ಕಲಿಸಲೇ ಇಲ್ಲ ಅಕ್ಕಾ, ಹೆಂಗೆ ಬಂತು?” ಕುಲ್ಸುಮ್ ಖುಷಿಯಿಂದ ಅವಳ ಕೈ ಹಿಡಿದಳು. ಸಿದ್ದವ್ವ ಕೈ ಬಿಡಿಸಿಕೊಂಡಳು. ಆ ಹೆಮ್ಮೆಯೂ ಈ ಹೆಂಗಸಿನ ಬುಟ್ಟಿಯಿಂದಲೇ ಬರಬೇಕಾಗಿತ್ತೇ ಎಂದು ಅವಳಿಗೆ ಉರಿಯಿತು.

ದೀಪಾವಳಿ ಹೊತ್ತಿಗೆ ಸಂಘದವರು ವಖಾರಿಯ ಧಣಿಗೆ ಒಂದು ಮನವಿ ಬರೆದರು. ಕೇಳಿದ್ದು ಒಂದೇ. ಒಳಗೋಡೆಗೆ ಎರಡು ಬೆಳಕಿಂಡಿ ತೆಗೆಸಿಕೊಡಿ, ಹದಿನಾರು ಜನಕ್ಕೂ ಬೆಳಕು ಬರಲಿ. ಗಾಳಿಯ ಥಂಡಿ ಬಡಿದರೆ ಅಡಿಕೆಗೆ ಬೂಸು ಬರುತ್ತದೆ, ಆಗುವುದಿಲ್ಲ ಎಂದ ಧಣಿ. ಅವನು ಖಾದಿ ಪಕ್ಷದ ದೊಡ್ಡ ಆಸರೆ. ಪಕ್ಷ ಅಲ್ಲಿ ಎರಡಾಗಿ ಒಡೆಯಿತು. ಮೊದಲು ಚುನಾವಣೆ ಗೆಲ್ಲೋಣ, ಧಣಿಗಳನ್ನು ಎದುರು ಹಾಕಿಕೊಳ್ಳುವುದು ಈಗ ಬೇಡ ಎಂದರು ವಕೀಲರು. ಸಂಘಕ್ಕೆ ಈಗ ಒದಗದ ಪಕ್ಷ, ಗೆದ್ದ ಮೇಲೆ ಒದಗುವುದೇ ಎಂದ ಚಂದ್ರಶೇಖರಪ್ಪ. ಪಕ್ಷ ವಕೀಲರನ್ನು ನಿಲ್ಲಿಸಿತು. ಚಂದ್ರಶೇಖರಪ್ಪ ಸಂಘದ ಉಮೇದುವಾರನಾಗಿ ಅವರ ಎದುರೇ ನಿಂತ. ಸಂಘವೂ ಎರಡಾಯಿತು. ಕೆರಿಯ ಒಂದು ಕಡೆ, ಅವನ ಅಣ್ಣ ಇನ್ನೊಂದು ಕಡೆ.

ಕುಲ್ಸುಮ್ ಚಂದ್ರಶೇಖರಪ್ಪನ ಪರವಾಗಿ ಮನೆ ಮನೆಗೆ ಹೋದಳು. ಮಂಜಿಯೇ ಒಂದು ದಿನ ಕೇಳಿದಳು: “ಅಲ್ಲೇ ಬೀ, ಮುಸಲ್ಮಾನರಿಗೆ ಪಟ್ಟಿನೇ ಬೇರೆ, ಉಮೇದುವಾರನೇ ಬೇರೆಯಡಾ. ನಿನ್ನ ಓಟು ಚಂದ್ರಶೇಖರಪ್ಪಗೆ ಬೀಳೂದೇ ಇಲ್ಲೆ. ಮತ್ತೆಂತಕ್ಕೆ ಕಾಲು ಸವೆಸ್ತೆ?”

“ಗೊತ್ತುಂಟು. ನನ್ನದು ಬೀಳೂದಿಲ್ಲ ಅಂತಾನೇ ನಿಮ್ಮ ನಾಲ್ಕು ಜನರದ್ದು ಬೀಳ್ಲಿ ಅಂತೇನೆ. ಕಿಂಡಿ ಆದ್ರೆ ಒಳಗಿನ ಪಾರ್ವತವ್ವ ಚಿಮಣಿ ಹೊಗೆಗೆ ಕೆಮ್ಮೂದಾದ್ರೂ ತಪ್ತದೆ.” ಆಮೇಲೆ ಪಕ್ಕಕ್ಕೆ ತಿರುಗಿ, “ಅಕ್ಕಾ, ನಿನಗೂ ನಾಲ್ಕು ಗಂಟೆ ತನಕ ಬೆಳಕು,” ಎಂದಳು.

ಎಲ್ಲರಿಗೂ ಬೆಳಕು. ಸಿದ್ದವ್ವ ಆ ರಾತ್ರಿಯೆಲ್ಲ ಇದನ್ನೇ ಜಗಿದಳು. ಎಲ್ಲರಿಗೂ ಬೆಳಕಾದರೆ ಬಾಗಿಲ ಜಾಗಕ್ಕೆ ಏನು ಬೆಲೆ? ಅವಳಿಗೆ ಬೇಕಾಗಿದ್ದದ್ದು ಬೆಳಕಲ್ಲ, ತನ್ನಿಂದ ಹೋದ ಜಾಗ. ಕಳೆದುಕೊಂಡದ್ದನ್ನು ಮರಳಿ ಗೆಲ್ಲುವ ಮೊದಲೇ ಈ ಹೆಂಗಸು ಅದನ್ನು ಊರಿಗೆಲ್ಲ ಹಂಚಲು ಹೊರಟಿದ್ದಾಳೆ.

ಚುನಾವಣೆಗೆ ಹದಿನೆಂಟು ದಿನ ಇರುವಾಗ ನಾಗಪತಿ ಅವಳನ್ನು ತಕ್ಕಡಿಯ ಹತ್ತಿರ ಕರೆದ.

“ಎಂತ ಸಿದ್ದವ್ವಾ, ಬಾಗಿಲ ಜಾಗ ಮೊದಲು ಯಾರದ್ದಾಗಿತ್ತು?”

“ನಿಮಗ ಗೊತ್ತಿಲ್ಲೇನ್ರೀ?”

“ಗೊತ್ತಿದ್ದೇ ಕೇಳ್ತೆ. ಕಿಂಡಿ ಮನವಿ ಬರೆದದ್ದು ಯಾರ ಕೈ? ಹೆಸರಿಲ್ಲ, ಬರೀ ಹೆಬ್ಬೆಟ್ಟು ಉಂಟು. ಧಣಿಗಳು ಕೇಳ್ತಿದ್ರು. ನೀನು ಅಕ್ಷರಸ್ಥೆ ಅಲ್ಲವೇ ಈಗ? ನೋಡಿ ಹೇಳು.”

ಅವನು ಕಾಗದ ಬಿಚ್ಚಿದ. ಸಿದ್ದವ್ವ ನೋಡಿದಳು. ‘ಬೆಳಕಿಂಡಿ’ಯ ‘ಳ’ದ ಬಾಲ ಕೆಳಗೆ ಸುತ್ತಿ ಮೇಲಕ್ಕೆ ಎತ್ತಿತ್ತು. ಕೊನೆಯ ಅಡಿಕೆ ಇಡುವಾಗ ಕುಲ್ಸುಮ್‌ಳ ಕೈ ಹಾಗೆಯೇ ಎತ್ತುತ್ತಿತ್ತು. ಜಗತ್ತಿನಲ್ಲಿ ಆ ಬರಹವನ್ನು ಇಷ್ಟು ಚೆನ್ನಾಗಿ ಗುರುತಿಸಬಲ್ಲವಳು ಅವಳೊಬ್ಬಳೇ.

“ಬಾಗಿಲದಾಗ ಕುಂತಾಳಲ್ರೀ,” ಎಂದಳು.

ಮರುದಿನ ಬೆಳಿಗ್ಗೆ ಕುಲ್ಸುಮ್‌ಳ ಗೋಣಿ ಎಂಟನೆಯ ಜಾಗಕ್ಕೆ ಹೋಯಿತು. ಸಿದ್ದವ್ವ ಬಾಗಿಲಿಗೆ ಬಂದಳು. ಕುಲ್ಸುಮ್ ಬುಟ್ಟಿಗಳನ್ನು ಎತ್ತಿಕೊಂಡು, “ನಿನ್ನ ಜಾಗ ನಿನಗೇ ಬಂತಲ್ಲ ಅಕ್ಕಾ, ಹೋಗ್ಲಿ ಬಿಡು, ಬೇರೆ ಯಾರಿಗೋ ಹೋಗ್ಲಿಲ್ಲ,” ಎಂದಳು. ಅದರಲ್ಲಿ ಮುಳ್ಳು ಇದೆಯೇ ಎಂದು ಸಿದ್ದವ್ವ ಎಷ್ಟೋ ದಿನ ಹುಡುಕಿದಳು. ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೇ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮತದ ದಿನ ಚೀಟಿಯ ಮೇಲೆ ಹೆಸರುಗಳಿದ್ದವು. ಸಿದ್ದವ್ವ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ಚಂ’ ಎನ್ನುವಲ್ಲಿ ಕಣ್ಣಿಗೆ ಕೋಕಾ ಅಡಿಕೆಗಳ ಸಾಲು ಕಟ್ಟಿತು. ಸ್ವಲ್ಪ ಹೊತ್ತು ನಿಂತಳು. ಆಮೇಲೆ ವಕೀಲರ ಹೆಸರಿನ ಎದುರು ಗುರುತು ಹಾಕಿದಳು. ವಕೀಲರು ಭಾರೀ ಅಂತರದಿಂದ ಗೆದ್ದರು. ಇವಳ ಒಂದು ಮತದಿಂದ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಅದು ಅವಳಿಗೆ ಗೊತ್ತು. ಕುಲ್ಸುಮ್ ಸೋಲಬೇಕಾಗಿತ್ತು, ಅಷ್ಟೆ.

ಕಿಂಡಿಯ ಮಾತು ನಿಂತಿತು. ಎಂಟನೆಯ ಜಾಗದಲ್ಲಿ ಕುಲ್ಸುಮ್‌ಳ ಬುಟ್ಟಿ ವಾರಕ್ಕೆರಡು ಸಲ ಬೋರಲು ಬೀಳತೊಡಗಿತು. ತಪ್ಪು ಇದ್ದಾಗಲೂ ಸುರುವುತ್ತಿದ್ದರು, ಇಲ್ಲದಾಗಲೂ. ಅವಳು ಮಂಡಿಯೂರಿ ಮತ್ತೆ ಆರಿಸುವಳು. ಮೊದಮೊದಲು ಸಿದ್ದವ್ವ ತಿರುಗಿ ನೋಡಿ ಎಣಿಸಿದಳು. ಹನ್ನೊಂದರ ಮೇಲೆ ಎಣಿಸಲು ಮನಸ್ಸಾಗಲಿಲ್ಲ. ಬಾಗಿಲ ಬೆಳಕಿನಲ್ಲಿ ಅವಳಿಗೆ ತನ್ನ ಅಡಿಕೆ ಸ್ವಚ್ಛವಾಗಿ ಕಾಣುತ್ತಿತ್ತು. ಪಕ್ಕದಲ್ಲಿ ರೊಟ್ಟಿ ಚಾಚುವ ಕೈ ಇರಲಿಲ್ಲ. ಮಂಜಿ ಅವಳ ಹತ್ತಿರ ತಮಾಷೆ ಮಾಡುವುದನ್ನೂ ಬಿಟ್ಟಿದ್ದಳು. ಮಳೆಗಾಲ ಹಿಡಿಯುವ ಮೊದಲು ಕುಲ್ಸುಮ್‌ಳಿಗೆ ಕೆಲಸ ಇಲ್ಲ ಎಂದರು. ಅವಳೂ ಮುನಾಫನೂ ಯಲ್ಲಾಪುರಕ್ಕೆ ಮರಳಿದರು.

ಎರಡು ವರ್ಷದ ಮೇಲೆ, ೧೯೩೯ರ ಯುಗಾದಿ ಹೊತ್ತಿಗೆ, ಕುಲ್ಸುಮ್ ಮೈ ಬಾತುಕೊಂಡು ಹಾಸಿಗೆ ಹಿಡಿದಿದ್ದಾಳೆ ಎಂದು ಯಲ್ಲಾಪುರಕ್ಕೆ ಲಾರಿ ಹೊಡೆಯುವ ಮುಕ್ತಾರ್ ಹೇಳಿದ. ಸಿದ್ದವ್ವ ಆ ರಾತ್ರಿ ಉಣ್ಣಲಿಲ್ಲ. ಮಾರನೆಯ ದಿನ ಮೊದಲ ಬಾರಿ ರಜೆ ಕೇಳಿ, ತನ್ನ ಬಾಗಿಲ ಜಾಗ ಖಾಲಿ ಬಿಟ್ಟು ಬಸ್ಸು ಹತ್ತಿದಳು. ಎಲ್ಲವನ್ನೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು: ಕಾಗದದ ಮಾತು, ತಕ್ಕಡಿಯ ಹತ್ತಿರದ ಮಾತು, ಚೀಟಿಯ ಮಾತು. ಅದಾದ ಇಪ್ಪತ್ತೆರಡನೆಯ ದಿನ ಕುಲ್ಸುಮ್ ತೀರಿಕೊಂಡಳು. ಆದರೆ ಸಿದ್ದವ್ವ ಹೋದ ದಿನ ಅವಳು ಮನೆಯ ಹೊಸ್ತಿಲಿಗೆ ಒರಗಿ ಬಿಸಿಲಿನಲ್ಲಿ ಕೂತಿದ್ದಳು. ಕೈಯ ಬಳೆಗಳು ಊತಕ್ಕೆ ಬಿಗಿದು ಕಚ್ಚಿಕೊಂಡಿದ್ದವು. ಸಿದ್ದವ್ವ ಎದುರು ನಿಂತಾಗ ಅವಳ ನೆರಳು ಆ ಮಡಿಲ ಮೇಲೆ ಬಿತ್ತು. ಸಿದ್ದವ್ವ ತಟ್ಟನೆ ಪಕ್ಕಕ್ಕೆ ಸರಿದಳು.

“ಯಾರು? ಸಿದ್ದವ್ವಕ್ಕನಾ! ಬಾ, ಕೂರು. ಮಂಜಿ ಹೆಂಗುಂಟು? ಪಾರ್ವತವ್ವನ ಕೆಮ್ಮು?”

“ಅದಾಳ. ಕೆಮ್ಮೂ ಹಂಗೇ ಅದ.”

“ಕಿಂಡಿ ತೆಗೆದ್ರಾ ಅಕ್ಕಾ?”

“ಇನ್ನೂ ಇಲ್ಲ.”

ಕುಲ್ಸುಮ್ ಕಚ್ಚಿಕೊಂಡ ಬಳೆಯೊಂದನ್ನು ಬೆರಳಿನಿಂದ ಸರಿಸಲು ನೋಡಿದಳು. ಕಾಗದದ ಮಾತು ಎತ್ತಲು ಸಿದ್ದವ್ವ ಬಾಯಿ ತೆರೆದಳು. ಅಷ್ಟರಲ್ಲಿ ಕುಲ್ಸುಮ್ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೇಳಿದಳು:

“ಹಂಗಾದ್ರೆ ಬಾಗಿಲ ಜಾಗದಾಗೆ ಈಗ ಯಾರು ಕೂರ್ತಾರೆ?”